ಗದ್ದಲದ ಮೇಲೊಂದು ದನಿ

ಮಾರ್ಗಿಲಾನ್ ಎಂಬ ರೇಷ್ಮೆಯ ಊರಿನಲ್ಲಿ ಮುಕದ್ದಸ್ ಓಪಾಳನ್ನು ಮೆಚ್ಚುವವರು ಎಷ್ಟು ಜನವೋ, ಅವಳ ನಾಲಿಗೆಗೆ ಹೆದರುವವರು ಅದರ ದುಪ್ಪಟ್ಟು. ಓಪಾ ಅಂದರೆ ಅಕ್ಕ. ಆದರೆ ಅವಳಿಗಿಂತ ಹತ್ತು ವರ್ಷ ಹಿರಿಯರೂ ಹಾಗೇ ಕರೆಯುತ್ತಾರೆ. ಬರೀ ಹೆಸರು ಹಿಡಿಯುವ ಧೈರ್ಯ ಯಾರಿಗಿದೆ? ಐವತ್ತೇಳರ ಗಿಡ್ಡ ಹೆಂಗಸು, ಅಗಲ ಭುಜ, ನಡೆದರೆ ನೆಲ ಗುದ್ದಿಕೊಂಡು ಹೋದ ಹಾಗೆ. ಕಿವಿ ಮಂದವಾದ ಮಕ್ಕಳಿಗೆ ಮಾತು ಕಲಿಸುವುದು ಅವಳ ಕಸುಬು. ಮೂವತ್ತೊಂದು ವರ್ಷದಿಂದ ಅದೇ ಕೆಲಸ, ಅದೇ ಬಾಲವಾಡಿಯ ಹಿಂಬದಿಯ ಕೋಣೆ. ದನಿ ಗೋಡೆಗೆ ಬಡಿದು ಮರುದನಿಸಬಾರದೆಂದು ನಾಲ್ಕು ಗೋಡೆಗೂ ಹಳೆಯ ಜಮಖಾನೆ ಹೊಡೆಸಿದ್ದಾಳೆ. ಜಮಖಾನೆ ಕೊಡದವರ ಮಕ್ಕಳಿಗೆ ಅವಳು ಪಾಠ ಹೇಳುವುದಿಲ್ಲ ಅಂತ ಯಾರೋ ಪುಕಾರು ಹಬ್ಬಿಸಿದರು. ಅದನ್ನು ಕೇಳಿ ಅವಳು, "ಹಬ್ಬಲಿ ಬಿಡಿ, ಇನ್ನೂ ಮಾಳಿಗೆಗೆ ಹೊಡೆಸೋದು ಬಾಕಿ ಇದೆ" ಅಂದಳಂತೆ.

ಈ ಕಸುಬಿಗೆ ಅವಳು ಬಂದದ್ದು ಮಗ್ಗದ ದಾರಿಯಿಂದ. ಹದಿನೇಳಕ್ಕೇ ರೇಷ್ಮೆ ಗಿರಣಿ ಸೇರಿದ್ದಳು. ನಾನೂರು ಮಗ್ಗ ಒಟ್ಟಿಗೆ ಬಡಿಯುವ ಹಜಾರ. ಪಕ್ಕದವಳು ಕಿರುಚಿದರೂ ಕೇಳದು. ಹಾಗಂತ ಗಿರಣಿಯ ಹೆಂಗಸರು ಬಾಯಿ ಹೊಲಿದುಕೊಂಡಿದ್ದರು ಅಂತ ತಿಳಿಯಬೇಡಿ. ಎರಡು ಸಾಲು ಆಚೆ ನಿಂತವಳ ತುಟಿ ನೋಡಿದರೆ ಸಾಕು, ಊರಿನ ಸುದ್ದಿಯೆಲ್ಲ ತಿಳಿಯುತ್ತಿತ್ತು: ಯಾರು ಬಸುರಿ, ಯಾರ ಅತ್ತೆ ಕಡ್ಡಿ ಆಡಿಸಿದಳು, ಮೇಸ್ತ್ರಿ ಯಾರ ಕಡೆ ನೋಡಿ ಮೀಸೆ ತೀಡಿದ. ಆರೇ ತಿಂಗಳಲ್ಲಿ ಮುಕದ್ದಸ್ ತುಟಿ ಓದುವುದರಲ್ಲಿ ಎಲ್ಲರನ್ನೂ ಮೀರಿಸಿದಳು. ಅವಳ ಎದುರು ಮಗ್ಗದಲ್ಲಿ ರಾನೋ ಎಂಬ ಹುಟ್ಟುಕಿವುಡಿ ಕೆಲಸ ಮಾಡುತ್ತಿದ್ದಳು. ಹಜಾರದೊಳಗೆ ಅವಳೂ ಎಲ್ಲರಂತೆ ಹರಟುವವಳು, ನಗುವವಳು. ಸೀಟಿ ಊದಿ ಗೇಟು ದಾಟಿದ ಕೂಡಲೇ ಒಬ್ಬಳೇ ಆಗಿಬಿಡುವವಳು. ಇದು ಮುಕದ್ದಸ್‌ಳ ಎದೆಗೆ ಮುಳ್ಳಿನ ಹಾಗೆ ಚುಚ್ಚಿತು. ಮೂರನೇ ವರ್ಷ ಗಿರಣಿ ಬಿಟ್ಟು ತಾಶ್ಕೆಂಟಿಗೆ ಓದಲು ಹೋದಳು. "ನೇಯೋ ಕೈಗೆ ಪುಸ್ತಕ ಯಾಕೆ?" ಎಂದು ಅಪ್ಪ ಗೊಣಗಿದ. ಅವಳು ಯಾರ ಗೊಣಗಾಟವನ್ನೂ ಕಿವಿಯ ಮೇಲೆ ಹಾಕಿಕೊಳ್ಳುವ ಪೈಕಿಯಲ್ಲ.

ಈಗ ಸರ್ವಿನೋಜ್‌ಳ ಮಾತಿಗೆ ಬರುತ್ತೇನೆ. ನೇಕಾರ ಎಗಂಬೆರ್ದಿಯವರ ಮೊಮ್ಮಗಳು, ನಾಲ್ಕು ಮುಗಿದು ನಾಲ್ಕು ತಿಂಗಳು. ಎರಡೂ ಕಿವಿ ಅರ್ಧಕ್ಕಿಂತ ಹೆಚ್ಚು ಮಂದ. ಅಕ್ಟೋಬರಿನಲ್ಲಿ ಅಜ್ಜಿ ತುರ್ಸುನೊಯ್ ಅವಳನ್ನು ಕೈಹಿಡಿದು ಎಳೆದುಕೊಂಡು ಬಂದಾಗ ಕಿವಿಯ ಹಿಂದೆ ಹೊಸ ಯಂತ್ರವಿತ್ತು. ಆದರೆ ಮಗು ಅದನ್ನು ಮನೆಯಲ್ಲಿ ಅರ್ಧ ಗಂಟೆಯೂ ಇಟ್ಟುಕೊಳ್ಳುತ್ತಿರಲಿಲ್ಲ. ಅವರ ಅಂಗಳಕ್ಕೆ ತೆರೆದ ಚಪ್ಪರದಲ್ಲಿ ಕರೆಂಟಿನ ಆರು ಮಗ್ಗ ಬೆಳಗಿನಿಂದ ಸಂಜೆಯವರೆಗೆ ದಡಬಡ ಅನ್ನುತ್ತವೆ. ಯಂತ್ರ ಹಾಕಿದರೆ ಆ ಆರು ಮಗ್ಗವೂ ತಲೆಯೊಳಗೇ ನೇಯ್ದ ಹಾಗೆ. ಕಿತ್ತು ಎಸೆಯುತ್ತಿದ್ದಳು ಪಾಪ, ಒಮ್ಮೆ ಕೋಳಿಯ ಕಾಳಿನ ತಟ್ಟೆಯಲ್ಲಿ ಸಿಕ್ಕಿತ್ತು.

ಮುಕದ್ದಸ್ ಓಪಾಗೆ ಇದೇನು ಹೊಸದೆ? ಯಂತ್ರ ಕೂರಿಸಿದ ಫರ್ಗಾನಾದ ಬಹ್ರೊಮ್‌ಗೆ ಫೋನು ಮಾಡಿ, "ಗದ್ದಲ ತಗ್ಗಿಸೋದನ್ನ ಪೂರ್ತಿ ಏರಿಸಿಬಿಡು" ಎಂದು ಅಪ್ಪಣೆ ಮಾಡಿದಳು. ಈ ಹೊಸ ಯಂತ್ರಗಳಲ್ಲಿ ಆ ಸೌಕರ್ಯ ಉಂಟು: ಒಂದೇ ಸಮ ಬಡಿಯುವ ಸದ್ದನ್ನು ಗುರುತಿಸಿ ತಾನೇ ಕೆಳಗಿಳಿಸುತ್ತದೆ. ಬಹ್ರೊಮ್ ಏರಿಸಿದ. ಮಗು ಯಂತ್ರ ಕೀಳುವುದನ್ನು ಬಿಟ್ಟಿತು. ತುರ್ಸುನೊಯ್ ಒಂದು ಬುಟ್ಟಿ ಬಿಸಿ ರೊಟ್ಟಿ ಕಳಿಸಿ, "ಮೇಷ್ಟ್ರಮ್ಮ ಕೈ ಇಟ್ಟರೆ ಸಾಕು, ಮಗು ಬಂಗಾರವಾಯ್ತು" ಎಂದು ಓಣಿಗೆಲ್ಲ ಸಾರಿದಳು. ಓಪಾಳೂ ಬೀಗಿದಳು ಅನ್ನಿ.

ಆದರೆ ಚಳಿಗಾಲ ಕಳೆದರೂ ಮಾತು ಮುಂದೆ ಹೋಗಲಿಲ್ಲ. ಕೋಣೆಯಲ್ಲಿ ಪರೀಕ್ಷೆ ಮಾಡಿದರೆ ಎಲ್ಲ ಸರಿ. ಓಪಾ ಬೆನ್ನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಎಂದು ಒಂದೊಂದೇ ಹೇಳುವಳು. ಕೇಳಿದಾಗಲೆಲ್ಲ ಮಗು ಒಂದು ಜರ್ದಾಳು ಬೀಜ ಬಟ್ಟಲಿಗೆ ಹಾಕಬೇಕು. ಆರಕ್ಕೆ ಆರೂ ಬೀಳುತ್ತಿದ್ದವು. ಆದರೆ ಬಾಯಿಂದ 'ಸ' ಇಲ್ಲ, 'ಶ' ಇಲ್ಲ. ತನ್ನ ಹೆಸರನ್ನೇ 'ಅರ್ವಿನೋ' ಅನ್ನುತ್ತಿದ್ದಳು. ಇದ್ದದ್ದು ಒಟ್ಟು ಮೂವತ್ತು ಮಾತು, ಅವೂ ಎಂಥವು? ಬಾ, ಬೇಡ, ಬಿಡು, ಏಯ್, ಕೋಳಿ ಅಟ್ಟು, ಬಾಗಿಲು ಹಾಕು. ನಾಲ್ಕು ವರ್ಷದ ಕೂಸು ಗದರುವುದನ್ನು ನೋಡಿ ಓಪಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಇವಳು ಅಜ್ಜಿಯ ಅಚ್ಚು!" ಎಂದಿದ್ದಳು. ನಕ್ಕು ಸುಮ್ಮನಾದಳು; ಯಾಕೆ ಹೀಗೆ ಎಂದು ಒಂದು ಗಳಿಗೆ ಯೋಚಿಸಿದ್ದರೆ ಚಳಿಗಾಲವೊಂದು ಉಳಿಯುತ್ತಿತ್ತು.

ಮಾರ್ಚಿನಲ್ಲಿ ಕಾಗದ ಬಂತು. ಮೇ ಎರಡನೇ ವಾರ, ಇಂಥ ಮಕ್ಕಳಿಗೆ ಶಾಲೆ ಗೊತ್ತುಮಾಡುವ ಸರ್ಕಾರಿ ಸಮಿತಿಯ ಮುಂದೆ ಮಗುವನ್ನು ಹಾಜರುಪಡಿಸಬೇಕು. ಮಗು ಕೇಳಿ ಮಾತಾಡಬಲ್ಲದು ಎಂದು ಅವರಿಗೆ ಅನ್ನಿಸಿದರೆ ಓಣಿಯ ಬಾಲವಾಡಿ; ಇಲ್ಲದಿದ್ದರೆ ನೂರು ಕಿಲೋಮೀಟರ್ ಆಚೆಯ ವಸತಿ ಶಾಲೆ, ರಜಕ್ಕೆ ಮಾತ್ರ ಮನೆ. ಆ ಶಾಲೆಯನ್ನು ಓಪಾ ಎಂದೂ ಹಳಿದವಳಲ್ಲ. ಕೈಸನ್ನೆಯ ಮಾತು ಬೇಕಾದ ಮಕ್ಕಳಿಗೆ ಅದು ತವರು. ತಾನೇ ಕೈಹಿಡಿದು ಎಷ್ಟೋ ಮಕ್ಕಳನ್ನು ಅಲ್ಲಿ ಬಿಟ್ಟು ಬಂದಿದ್ದಾಳೆ. ಆದರೆ ಆರಕ್ಕೆ ಆರು ಬೀಜ ಹಾಕುವ ಮಗುವನ್ನು ತಾಯಿಯ ಮಡಿಲಿನಿಂದ ಕಿತ್ತು ಕಳಿಸುವುದೆಂದರೆ ಅವಳಿಗೆ ಮೈ ಉರಿಯಿತು. ಮರುದಿನವೇ ಫರ್ಗಾನಾಕ್ಕೆ ಹೋಗಿ ಬಹ್ರೊಮ್‌ನ ಅಂಗಡಿ ಬಾಗಿಲು ದೂಡಿದಳು.

"ನಿನ್ನ ಮಿಷನ್ನು ಮಗೂದು 'ಸ' ಎಲ್ಲ ತಿಂದು ಹಾಕಿದೆ ಕಣೋ!"

ಬಹ್ರೊಮ್ ಬೋಳುತಲೆಯ ಸಮಾಧಾನಿ. "ಮೊದ್ಲು ಚಹಾ ಕುಡೀರಿ, ಓಪಾ."

"ಚಹಾ ಕುಡಿಯೋಕೆ ಇಷ್ಟು ದೂರ ಬಂದಿಲ್ಲ ನಾನು. ಅದು ಮಗ್ಗದ ಸದ್ದು ಅಂತ 'ಸ'ನೂ ಒರೆಸಿ ಹಾಕ್ತಿದೆ."

ಅವಳು ತಂದಿದ್ದ ಮಗುವಿನ ಯಂತ್ರವನ್ನು ಅವನು ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಸದ್ದು ನುಡಿಸಿ, ಪರದೆಯ ಮೇಲಿನ ಗೆರೆ ತೋರಿಸಿದ. "ನೋಡಿ, 'ಸ' ಬರ್ತಿದೆ. 'ಶ'ನೂ ಬರ್ತಿದೆ. ಪೂರ್ತಿ ಏರಿಸಿದ್ದಕ್ಕೆ ಕೊಂಚ ಮೆತ್ತಗಾಗಿದೆ, ಸತ್ತಿಲ್ಲ. ಅಷ್ಟಕ್ಕೂ ಏರಿಸು ಅಂದವರು ಯಾರು?"

"ನಾನೇ ಅಂದೆ. ಈಗ ಇಳಿಸು ಅಂತಲೂ ನಾನೇ ಅಂತಿದೀನಿ."

"ಒಂದು ಮೆಟ್ಲು ಇಳಿಸ್ತೀನಿ. ಪೂರ್ತಿ ತೆಗೆದ್ರೆ ಮಗು ಮತ್ತೆ ಕಿತ್ತೆಸೆಯುತ್ತೆ." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಓಪಾ, ಗದ್ದಲ ತಗ್ಗಿಸೋದು ಮಗೂಗೆ ಹಾಯಾಗಿರ್ಲಿ ಅಂತ. ಅದರಿಂದ ಮಾತು ಹುಟ್ಟಲ್ಲ. ಗದ್ದಲದ ಮೇಲೆ ತಲೆ ಎತ್ತಿರೋ ದನೀನ ಅದು ಹಿಡಿದು ಕೊಡುತ್ತೆ. ಗದ್ದಲದೊಳಗೇ ಮುಳುಗಿ ಹೋದ ದನೀನ ನನ್ನಪ್ಪ ಬಂದ್ರೂ ಎತ್ತೋಕಾಗಲ್ಲ. ಮನೇಲಿ ಆ ಮಗೂ ಹತ್ರ ಮಾತಾಡೋರು ಯಾರು, ಎಷ್ಟು ದನೀಲಿ ಮಾತಾಡ್ತಾರೆ, ಅದನ್ನ ನೋಡ್ಕೊಂಡು ಬನ್ನಿ."

"ಅವಳ ತಾಯಿ ನಸಿಬಾ ಇಡೀ ದಿನ ಮಾತಾಡ್ತಾಳೆ. ನಾನೇ ಹತ್ತು ಸಲ ಹೋಗಿ ನೋಡಿದೀನಿ. ನನಗೆ ಬುದ್ಧಿ ಹೇಳ್ಬೇಡ."

ಬಾಗಿಲು ದಡಾರನೆ ಹಾಕಿಕೊಂಡು ಬಂದಳು. ಬೈದು ಬಂದರೂ ಮಾತು ತಲೆಯಲ್ಲೇ ಕೊರೆಯುತ್ತಿತ್ತು. ಏಪ್ರಿಲ್ ಮೊದಲ ವಾರದ ಒಂದು ಬೆಳಿಗ್ಗೆ, ಹೇಳದೆ ಕೇಳದೆ, ಎಗಂಬೆರ್ದಿಯವರ ಅಂಗಳಕ್ಕೆ ನುಗ್ಗಿದಳು.

ಹಿಪ್ಪುನೇರಳೆ ಮರದ ಕೆಳಗಿನ ದೊಡ್ಡ ಮಂಚದ ಮೇಲೆ ತುರ್ಸುನೊಯ್ ಕೂತಿದ್ದಳು. ಆರು ಹೆಜ್ಜೆ ಆಚೆ ನಸಿಬಾ ತಂದೂರಿ ಒಲೆಗೆ ರೊಟ್ಟಿ ಬಡಿಯುತ್ತಿದ್ದಳು. ಮಗು ಮಂಚದ ಬುಡದಲ್ಲಿ ಹಿಟ್ಟಿನ ಉಂಡೆ ಹಿಡಿದು ಆಡುತ್ತಿತ್ತು. ಚಪ್ಪರದಲ್ಲಿ ಆರು ಮಗ್ಗ. ಮುದುಕ ಎಗಂಬೆರ್ದಿ ಅವುಗಳ ನಡುವೆ ಎಳೆ ಕಟ್ಟುತ್ತ ಓಡಾಡುತ್ತಿದ್ದ. ಐವತ್ತು ವರ್ಷ ಮಗ್ಗದ ಪಕ್ಕ ಬಾಳಿ ಅವನ ಕಿವಿಗಳೂ ಹೆಚ್ಚು ಕಡಿಮೆ ಹೋಗಿದ್ದವು. ಮುಕದ್ದಸ್ ಕೂತಳು, ಅರ್ಧ ಬಟ್ಟಲು ಚಹಾ ಬಂತು, ಮನೆ ಮಠ ದನ ಕರು ಎಲ್ಲರ ಕ್ಷೇಮ ವಿಚಾರಿಸುವುದು ಮುಗಿಯಿತು. ನಸಿಬಾ ಇತ್ತ ತಿರುಗಿ, "ಮಗು ಬೆಳಿಗ್ಗೆ ಹಾಲು ಕುಡಿದಳು, ಓಪಾ. ಮಿಷನ್ನು ತಾನೇ ಕೇಳಿ ಹಾಕಿಸ್ಕೊಂಡಳು" ಎಂದಳು. ಓಪಾ ತಲೆಯಾಡಿಸಿದಳು. ನೋಡು, ಮಾತಾಡ್ತಾಳಲ್ಲ ಎಂದು ಮನಸ್ಸಿನಲ್ಲೇ ಬಹ್ರೊಮ್‌ಗೆ ಹೇಳಿದಳು.

ಆಮೇಲೆ ನಸಿಬಾ ಬೆನ್ನು ತಿರುಗಿಸಿ ಒಲೆಗೆ ಬಗ್ಗಿದಳು. ಮುಕದ್ದಸ್, "ಮಧ್ಯಾಹ್ನ ಮಲಗ್ತಾಳಾ?" ಎಂದು ಕೇಳಿದಳು. ಉತ್ತರವಿಲ್ಲ. ಮತ್ತೆ ಕೇಳಿದಳು. ಇಲ್ಲ.

"ಯಾಕೆ, ನಿನ್ನ ಸೊಸೆಗೆ ನನ್ನ ಮೇಲೆ ಕೋಪವೇ?"

"ಎರಡು ಸಲ ಹೇಳಿದಳಲ್ಲ, ಮಲಗ್ತಾಳೆ ಅಂತ," ಎಂದಳು ಪಕ್ಕದಲ್ಲೇ ಕೂತ ತುರ್ಸುನೊಯ್. "ಸೊಸೆ ಮಾತು ನನಗೆ ಅಭ್ಯಾಸ. ಇರೋದೇ ಹಾಗೆ, ಗಾಳಿ ಸುಳಿದ ಹಾಗೆ."

ನಸಿಬಾ ಮತ್ತೆ ಇತ್ತ ತಿರುಗಿದಳು; ತುಟಿಗಳು ಆಡಿದವು; ಮುಕದ್ದಸ್‌ಗೆ ಪ್ರತಿ ಮಾತೂ ಸ್ಪಷ್ಟವಾಯಿತು. ಆಗ ಅವಳು ಒಂದು ಕೆಲಸ ಮಾಡಿದಳು. ಕಣ್ಣು ಮುಚ್ಚಿಕೊಂಡಳು. ಮಗ್ಗದ ದಡಬಡ ಉಳಿಯಿತು, ಕೋಳಿಯ ಕೊಕ್ಕೊಕ್ಕೋ ಉಳಿಯಿತು, ನಸಿಬಾ ಇಲ್ಲವೇ ಇಲ್ಲ. ಕಣ್ಣು ಬಿಟ್ಟಳು, ನಸಿಬಾ ಮಾತಾಡುತ್ತಲೇ ಇದ್ದಾಳೆ.

ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಹಾಕ! ಎಂದುಕೊಂಡಳು ಓಪಾ. ಆರು ತಿಂಗಳಿನಿಂದ ಈ ಹುಡುಗಿಯ ಮಾತನ್ನು ಅವಳು ಕೇಳಿರಲೇ ಇಲ್ಲ, ಓದಿದ್ದಳು. ಗಿರಣಿಯಲ್ಲಿ ಕಲಿತ ವಿದ್ಯೆ ಅವಳಿಗೆ ಅರಿವಿಲ್ಲದೆಯೇ ಕೆಲಸ ಮಾಡಿಬಿಟ್ಟಿತ್ತು. ಊರಿನ ಮಕ್ಕಳ ಕಿವಿಯನ್ನೆಲ್ಲ ಅಳೆಯುವವಳು ತನ್ನ ಕಿವಿಯನ್ನೇ ವಿಚಾರಿಸಿಕೊಂಡಿರಲಿಲ್ಲ; ದೀಪದ ಬುಡದಲ್ಲಿ ಕತ್ತಲೆ. ಮೇಲಾಗಿ, ಆ ಮನೆಯಲ್ಲಿ ಮಗುವಿಗೆ ಕೇಳುವಂತೆ ದನಿ ಎತ್ತುವವಳು ತುರ್ಸುನೊಯ್ ಒಬ್ಬಳೇ. ಅವಳ ಮುಂದಿನ ಹಲ್ಲುಗಳು ಇಲ್ಲ, ಕಟ್ಟಿಸಿದ ಹಲ್ಲು ಮದುವೆಮನೆಗೆ ಮಾತ್ರ. ಅವಳ ಬಾಯಿಂದ 'ಸ' ಹೊರಟರೆ ಬರೀ ಗಾಳಿ. ಇನ್ನು ಮಗು 'ಸ' ಕಲಿಯಬೇಕಾದ್ದು ಯಾರಿಂದ, ಕೋಳಿಯಿಂದಲೇ?

ಮುಕದ್ದಸ್ ಎದ್ದು ನಿಂತಳು. "ನಸಿಬಾ! ಜೋರಾಗಿ ಮಾತಾಡು!"

ನಸಿಬಾ ಬೆಚ್ಚಿಬಿದ್ದಳು. ಅತ್ತೆಯ ಮುಖ ನೋಡಿದಳು, ಚಪ್ಪರದ ಕಡೆ ನೋಡಿದಳು. ಮದುವೆಯಾಗಿ ಏಳು ವರ್ಷ. ಮಾವನಿರುವ ಅಂಗಳದಲ್ಲಿ ಸೊಸೆ ದನಿ ಎತ್ತುವುದುಂಟೆ? ಬಾಯಿ ತೆರೆದಳು, ದನಿ ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

"ಏನಮ್ಮ ಇದು," ಎಂದಳು ತುರ್ಸುನೊಯ್, ಮುಖ ಬಿಗಿದುಕೊಂಡು. "ನನ್ನ ಸೊಸೆ ದನಿ ಈ ಓಣೀಲಿ ಒಬ್ಬರೂ ಕೇಳಿಲ್ಲ. ಹಿಂದಿನ ಮನೆಯವರ ಸೊಸೆ ಬಾಯಿ ಬಜಾರಿನವರೆಗೂ ಕೇಳುತ್ತೆ. ನಮ್ಮದು ಮರ್ಯಾದಸ್ಥರ ಮನೆ. ನಿಮ್ಮ ಪಾಠ ನಿಮ್ಮ ಕೋಣೇಲಿ ಮಾಡ್ಕೊಳಿ, ಮೇಷ್ಟ್ರಮ್ಮ." ಹೂಜಿ ಎತ್ತಿ ಮುಕದ್ದಸ್‌ಳ ಬಟ್ಟಲಿಗೆ ಚಹಾ ಅಂಚು ಮುಟ್ಟುವವರೆಗೆ ಸುರಿದಳು. ಅತಿಥಿಗೆ ಅರ್ಧ ಬಟ್ಟಲು ಮರ್ಯಾದೆ. ತುಂಬಿದ ಬಟ್ಟಲೆಂದರೆ ಕುಡಿದು ಎದ್ದು ಹೋಗು ಎಂದರ್ಥ.

ಮುಕದ್ದಸ್ ಸುಡುಸುಡುವ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಬಟ್ಟಲನ್ನು ಮತ್ತೆ ಮುಂದೆ ಚಾಚಿದಳು.

"ಇನ್ನೊಂದು ತುಂಬಿಸು, ತುರ್ಸುನೊಯ್ ಅಕ್ಕ. ಹೂಜಿ ಖಾಲಿಯಾಗೋವರೆಗೂ ಕುಡೀತೀನಿ. ನಾಲಿಗೆ ಸುಡುತ್ತೆ, ಸುಡಲಿ, ಊರಿಗೇ ಒಳ್ಳೇದು. ಆದ್ರೆ ನಾನು ಹೋಗಲ್ಲ."

ಅಳುತ್ತಿದ್ದ ನಸಿಬಾಗೂ ನಗು ತಡೆಯಲಾಗಲಿಲ್ಲ. ತುರ್ಸುನೊಯ್ ಹೂಜಿ ಕೆಳಗಿಟ್ಟಳು.

ಮುಕದ್ದಸ್ ಚೀಲದಿಂದ ಒಂದು ಕೊಳವೆ ತೆಗೆದಳು. ಡಾಕ್ಟರರ ಸ್ಟೆಥಾಸ್ಕೋಪಿನ ಹಾಗೇ ಕಿವಿಗೆ ಸಿಕ್ಕಿಸಿಕೊಳ್ಳುವುದು; ತುದಿಗೆ ಮಗುವಿನ ಯಂತ್ರ ಹಚ್ಚಿದರೆ, ಅದು ಹಿಡಿದದ್ದು ನಮಗೂ ಕೇಳುತ್ತದೆ. ಮಗುವಿನ ಕಿವಿಯಿಂದ ಒಂದು ಯಂತ್ರ ಬಿಡಿಸಿ ಹಚ್ಚಿ, ಕೊಳವೆಯನ್ನು ತುರ್ಸುನೊಯ್‌ಳ ಕಿವಿಗಿಟ್ಟಳು. "ಇಲ್ಲಿ ಕೂತ್ಕೊ ಅಕ್ಕ, ಮಗು ಕೂರೋ ಜಾಗದಲ್ಲೇ. ಒಲೆ ಕಡೆ ಬೆನ್ನು ಮಾಡು. ನಸಿಬಾ, ನೀನು ದಿನಾ ಮಗೂ ಹತ್ರ ಏನು ಮಾತಾಡ್ತೀಯೋ ಅದನ್ನೇ ಮಾತಾಡು, ದಿನಾ ಮಾತಾಡೋ ಹಾಗೇ."

ಮುದುಕಿ ಒಲ್ಲದ ಮನಸ್ಸಿನಿಂದ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು.

"ಓಹೋ! ಮಗ್ಗದ ಸದ್ದು ಎಷ್ಟು ಮೆತ್ತಗಾಗಿಬಿಡ್ತು, ನೋಡಿ! ಕೋಳಿ ಕೇಳ್ತಿದೆ. ಯಾರೋ ಬಾಗಿಲು ಹಾಕಿದ್ರು. ಅಬ್ಬಾ, ನನ್ನ ಕೆಮ್ಮೇ ಗುಂಡು ಹೊಡೆದ ಹಾಗಿದೆ." ಕಾದಳು. "ಎಲ್ಲಿ, ಸೊಸೆಗೆ ಶುರು ಮಾಡು ಅನ್ನಿ."

ಮುಕದ್ದಸ್ ಒಲೆಯ ಕಡೆ ನೋಡುತ್ತ ನಿಂತಳು.

"ಶುರು ಮಾಡು ಅನ್ನಿ ಅಂದೆ. ಯಾಕೆ ಸುಮ್ಮನಿದಾಳೆ?"

"ಅವಳು ಮಾತಾಡ್ತಾನೇ ಇದಾಳೆ, ಅಕ್ಕ. ಆಗಿನಿಂದಲೂ."

ತುರ್ಸುನೊಯ್ ಹಿಂದಿರುಗಿ ನೋಡಿದಳು. ನಸಿಬಾ ಹಿಟ್ಟಿನ ಕೈಯಲ್ಲಿ ನಿಂತು, ಮಗುವಿನ ಕಡೆ ಬಾಗಿ, ನಗುತ್ತ, ಏನೇನೋ ಹೇಳುತ್ತಿದ್ದಳು. ರೊಟ್ಟಿಯ ಬಗ್ಗೆ, ಹಕ್ಕಿಯ ಬಗ್ಗೆ, ಸಂಜೆ ಉಡಿಸುವ ಅಂಗಿಯ ಬಗ್ಗೆ. ಮುಕದ್ದಸ್‌ಗೆ ಅದೆಲ್ಲ ಕಾಣುತ್ತಿತ್ತು. ಕೊಳವೆಯಲ್ಲಿ ಏನೂ ಇರಲಿಲ್ಲ. ಮುದುಕಿ ಕೊಳವೆಯನ್ನು ಕಿವಿಗೆ ಇನ್ನೂ ಒತ್ತಿ ಹಿಡಿದಳು, ಮತ್ತೆ ಒತ್ತಿದಳು. ಬಹಳ ಹೊತ್ತಿನ ಮೇಲೆ ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಇಷ್ಟೇ ಕೇಳೋದಾ ಮಗೂಗೆ? ತಾಯಿ ಮಾತೇ ಇಲ್ವಾ?"

"ಇಷ್ಟೇ. ತಪ್ಪು ನಿಮ್ಮದಷ್ಟೇ ಅಲ್ಲ, ನನ್ನದೂ ಇದೆ. ಆರು ತಿಂಗಳು ಮಿಷನ್ನಿನ ಹಿಂದೆ ಬಿದ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಮಿಷನ್ನು ತನ್ನ ಕೆಲಸ ಮಾಡಿದೆ. ಕೇಳಿಸೋಕೆ ದನೀನೇ ಇಲ್ಲ."

ತುರ್ಸುನೊಯ್ ತಲೆಯ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು. "ನಾನು ಈ ಮನೆಗೆ ಬಂದಾಗ ಹಾಡ್ತಿದ್ದೆ," ಎಂದಳು ಕೊನೆಗೆ. "ನಮ್ಮತ್ತೆ ಬಾಯಲ್ಲಿ ನೀರಿಟ್ಕೊಂಡು ಅಂಗಳ ಗುಡಿಸು ಅಂತಿದ್ರು. ಗುಡಿಸಿ ಮುಗಿಸೋವರೆಗೂ ನುಂಗಬಾರದು, ಉಗುಳಬಾರದು. ಹೀಗೇ ಮೂರು ವರ್ಷ. ಆಮೇಲೆ ಹಾಡು ಮರೆತೇ ಹೋಯ್ತು." ಸುತ್ತಿದ್ದ ಅಂಚನ್ನು ಬಿಡಿಸುತ್ತ ಕೇಳಿದಳು: "ಓಣಿ ಏನನ್ನುತ್ತೆ, ಮುಕದ್ದಸ್? ಸೊಸೆ ತಲೆ ಮೇಲೆ ಹತ್ತಿದಳು ಅನ್ನಲ್ವಾ?"

"ಅನ್ನುತ್ತೆ. ಒಂದು ತಿಂಗಳು ಅನ್ನುತ್ತೆ. ಮಗು ವಸತಿ ಶಾಲೆಗೆ ಹೋದ್ರೆ ಹನ್ನೆರಡು ವರ್ಷ. ಅಷ್ಟಕ್ಕೂ ಯಾರಿಗೆ ಈ ಮರ್ಯಾದೆ? ನಿನ್ನ ಗಂಡನಿಗೆ ಗುಡುಗು ಹೊಡೆದ್ರೂ ಕೇಳಲ್ಲ!"

ಮುದುಕಿ ಮಂಚ ಹಿಡಿದು ಎದ್ದಳು. ಯಂತ್ರವನ್ನು ತಾನೇ ಮಗುವಿನ ಕಿವಿಗೆ ಮತ್ತೆ ಕೂರಿಸಿ, ಸೊಸೆಯ ಕಡೆ ತಿರುಗಿದಳು.

"ನಸಿಬಾ, ಕೂಗು ಮಗೂನ."

ನಸಿಬಾ ಚಪ್ಪರದ ಕಡೆ ನೋಡಿದಳು.

"ನಾನು ಹೇಳ್ತಿದೀನಿ, ಕೂಗು! ನಿನ್ನ ಮಾವನಿಗೆ ನಾನು ಜವಾಬು ಹೇಳ್ಕೋತೀನಿ, ಓಣಿಗೆ ಬೇಕಾದ್ರೂ ಹೇಳ್ಕೋತೀನಿ. ನೀನು ಕೂಗಮ್ಮ."

"ಸರ್ವಿನೋಜ್," ಎಂದಳು ನಸಿಬಾ. ಒಡಕು ದನಿ, ಅರ್ಧದಲ್ಲೇ ಸಿಕ್ಕಿಕೊಂಡಿತು. ಮಗು ಹಿಟ್ಟಿನ ಉಂಡೆಯನ್ನು ಚಪ್ಪಟೆ ಮಾಡುತ್ತಲೇ ಇತ್ತು. ನಸಿಬಾ ಎರಡೂ ಕೈ ಮುಷ್ಟಿ ಕಟ್ಟಿ, ಕಣ್ಣು ಮುಚ್ಚಿ, ಎದೆಯಾಳದಿಂದ ಕೂಗಿದಳು: "ಸರ್ವಿನೋಜ್!"

ಮಗು ತಲೆ ಎತ್ತಿತು. ಅಜ್ಜಿಯ ಬಾಯಿ ನೋಡಿತು, ಅಜ್ಜಿ ಮುಚ್ಚಿಕೊಂಡಿದ್ದಳು. ಓಪಾಳನ್ನು ನೋಡಿತು. ಮೂರನೇ ಸಲ ತಾಯಿ ಕೂಗಿದಾಗ ಅತ್ತ ತಿರುಗಿ ಬಾಯಿ ತೆರೆದು ನಿಂತಿತು, ಆಮೇಲೆ ಹಿಟ್ಟು ಬಿಸಾಡಿ ಓಡಿತು. ನಸಿಬಾ ಮಂಡಿಯೂರಿ ತಬ್ಬಿಕೊಂಡಳು. ಮಗು ಹಿಟ್ಟು ಮೆತ್ತಿದ ಬೆರಳನ್ನು ತಾಯಿಯ ತುಟಿಯ ಮೇಲಿಟ್ಟು, ಇನ್ನೊಮ್ಮೆ ಹೇಳು ಎಂಬಂತೆ ಒತ್ತುತ್ತಿತ್ತು.

ಚಪ್ಪರದಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು. ಎಗಂಬೆರ್ದಿ ಹೊರಗೆ ಬಂದ. "ಯಾರು ಕೂಗಿದ್ದು?"

"ನಿಮ್ಮ ಸೊಸೆ!" ಎಂದು ತುರ್ಸುನೊಯ್ ಅವನ ಕಿವಿಯ ಹತ್ತಿರ ಅರಚಿದಳು. "ಬಯ್ಯೋದಿದ್ರೆ ನನ್ನ ಬಯ್ಯಿರಿ!"

ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡ. "ಏಳು ವರ್ಷದಿಂದ ಇವಳ ದನಿ ಒಂದಿನಾನೂ ಕೇಳಿರಲಿಲ್ಲ. ನನ್ನ ಕಿವಿ ಪೂರ್ತಿ ಸತ್ತುಹೋಯ್ತು ಅಂದ್ಕೊಂಡಿದ್ದೆ." ಸೊಸೆಯ ಕಡೆ ನೋಡಿ, "ಇನ್ನೊಂದ್ಸಲ ಕೂಗು ಮಗಳೇ," ಎಂದ.

ಮುಂದಿನ ಐದು ವಾರ ಆ ಮನೆಯಲ್ಲಿ ನಡೆದದ್ದನ್ನು ಓಣಿ ಇನ್ನೂ ಆಡಿಕೊಳ್ಳುತ್ತದೆ. ನಸಿಬಾ ಮಗುವಿನ ಪಕ್ಕ ಕೂತು ಮಾತಾಡಿದಳು, ಒಲೆಯ ಬಳಿಯಿಂದ ಕೂಗಿ ಮಾತಾಡಿದಳು. ಮಧ್ಯಾಹ್ನ ಎರಡು ಗಂಟೆ ಮಗ್ಗ ನಿಲ್ಲಿಸಬೇಕೆಂದು ಮುದುಕನೇ ಅಪ್ಪಣೆ ಮಾಡಿದ. ನಸಿಬಾಳ ಗಂಡ ಬಜಾರಿನಿಂದ ಬಂದವನು ಮೊದಲ ದಿನ ಜಗಳವೇನೋ ಎಂದು ಗಾಬರಿಯಾದ. ತುರ್ಸುನೊಯ್ ದಿನಾ ಕಟ್ಟಿಸಿದ ಹಲ್ಲು ಹಾಕಿಕೊಂಡಳು, ಒಸಡು ನೊಂದರೂ ಬಿಡಲಿಲ್ಲ. ಪವಾಡವೇನೂ ಆಗಲಿಲ್ಲ. ಆದರೆ ಮೂರನೇ ವಾರ ಮಗುವಿನ ಬಾಯಲ್ಲಿ ಒಂದು 'ಸ' ಸುಳಿಯಿತು, ಮರುದಿನ ಮಾಯವಾಯಿತು, ಆಮೇಲೆ ಬಂದದ್ದು ನಿಂತಿತು. ಅಂಗಳದಲ್ಲಿ ಕೇಳಿದ ಮಾತು ಓಪಾಳ ಕೋಣೆಗೆ ಬಂದು ತಿದ್ದಿಕೊಳ್ಳುತ್ತಿತ್ತು. "ಇನ್ನು ನೋಡ್ತಾ ಇರಿ!" ಎಂದಳು ಓಪಾ, ಎಲ್ಲರಿಗೂ, ದಾರಿಯಲ್ಲಿ ಸಿಕ್ಕ ಅಂಚೆಯವನಿಗೂ.

ಸಮಿತಿಯ ದಿನ ತುರ್ಸುನೊಯ್ ಹೊರಗೆ ಬೆಂಚಿನ ಮೇಲೆ ಉಳಿದಳು. ಒಳಗೆ ಮಗು, ತಾಯಿ, ಓಪಾ. ಕಲಿಸಿದವರು ಪರೀಕ್ಷೆಯ ನಡುವೆ ಬಾಯಿ ಹಾಕುವಂತಿಲ್ಲ ಎಂಬುದು ಅಲ್ಲಿಯ ನಿಯಮ, ಬಾಯಿ ಹಾಕಿದರೆ ಪರೀಕ್ಷೆಯೇ ರದ್ದು. ಮುಕದ್ದಸ್‌ಗೆ ಇದಕ್ಕಿಂತ ಶಿಕ್ಷೆ ಬೇಕೆ? ತುಟಿ ಕಚ್ಚಿಕೊಂಡು ಗೋಡೆಗೆ ಒರಗಿದಳು. ಮೇಲೆ ಫ್ಯಾನು ಗರಗರ, ಹೊರಗೆ ಹತ್ತು ಮಕ್ಕಳ ಗಲಾಟೆ. ಅಧ್ಯಕ್ಷರು ಮಗುವಿನ ಹಿಂದೆ ಮೂರು ಹೆಜ್ಜೆ ದೂರ ನಿಂತು, ಪದಗಳ ಪಟ್ಟಿಯನ್ನು ಮೂಗಿನ ಮುಂದೆ ಹಿಡಿದು, ಮೀಸೆಯೊಳಗೇ ಗುನುಗಿದರು. ಏನಂದರೋ ಮುಕದ್ದಸ್‌ಗೂ ತಿಳಿಯಲಿಲ್ಲ, ಏಕೆಂದರೆ ಕಾಗದ ಅಡ್ಡವಿತ್ತು. ಮಗು ಸುಮ್ಮನೆ ಕಾಲು ಆಡಿಸುತ್ತ ಕೂತಿತ್ತು. ಎರಡನೇ ಪದ. ಮೂರನೇ ಪದ. ಅಧ್ಯಕ್ಷರು ಮೇಜಿನ ಹಿಂದಿದ್ದ ಹೆಂಗಸಿನ ಕಡೆ ತಲೆಯಾಡಿಸಿ, "ಕೇಳಲ್ಲ, ಬರ್ಕೊಳಿ" ಎಂದರು.

ಓಪಾ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಬಾಯಿ ಬಿಟ್ಟರೆ ಕೆಟ್ಟಿತು, ಬಿಡದಿದ್ದರೂ ಕೆಟ್ಟಿತು.

"ಸಾಹೇಬರೇ, ನಿಲ್ಲಿ."

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಸಿಬಾ ಎದ್ದು ನಿಂತಿದ್ದಳು. ಕುತ್ತಿಗೆಯವರೆಗೂ ಕೆಂಪೇರಿತ್ತು, ದನಿ ಮಾತ್ರ ನಡುಗಲಿಲ್ಲ.

"ನೀವು ಮಾತಾಡ್ತಿರೋದು ಕಾಗದದ ಹತ್ರ, ನನ್ನ ಮಗಳ ಹತ್ರ ಅಲ್ಲ. ಕಾಗದ ಕೆಳಗಿಡಿ. ಬಾಯಿ ಬಿಟ್ಟು ಮಾತಾಡಿ, ಅವಳಿಗೆ ಕೇಳುತ್ತೆ. ನೀವಂದ ಮೂರು ಮಾತಲ್ಲಿ ನನಗೇ ಒಂದೂ ಕೇಳಿಲ್ಲ. ಬೇಕಾದ್ರೆ ಆ ಅಮ್ಮನೋರನ್ನೇ ಕೇಳಿ."

ಮೇಜಿನ ಹಿಂದಿನ ಹೆಂಗಸು ಪೆನ್ನು ಕೆಳಗಿಟ್ಟು ಮೆಲ್ಲಗೆ, "ನನಗೂ ಕೇಳಲಿಲ್ಲ ಸಾರ್" ಎಂದಳು.

ಅಧ್ಯಕ್ಷರು ಕೆಮ್ಮಿದರು. ಕಾಗದ ಇಳಿಸಿದರು. ಗಂಟಲು ಸರಿಮಾಡಿಕೊಂಡು, ಹಿಂದಿನಿಂದಲೇ, "ಬೆಕ್ಕು" ಎಂದರು. "ಬೆಕ್ಕು" ಎಂದಿತು ಮಗು. "ಕಿಟಕಿ." "ಕಿಟಕಿ." "ಚಮಚ." ಇದು ಎಡವಿತು. "ಸೇಬು." ಮಗು ಒಂದು ಗಳಿಗೆ ತಡೆದು, ನಾಲಿಗೆ ಹಲ್ಲಿಗೆ ತಂದು, "ಸೇಬು" ಎಂದಿತು. ಹತ್ತರಲ್ಲಿ ಏಳು ಸರಿಯಾಯಿತು. ಹನ್ನೊಂದನೆಯದನ್ನು ಹೇಳಲು ಅವರು ಬಾಯಿ ತೆರೆದರೋ ಇಲ್ಲವೋ, ಸರ್ವಿನೋಜ್ ಕುರ್ಚಿಯಲ್ಲೇ ಹಿಂದಿರುಗಿ, "ಏಯ್, ಸಾಕು!" ಎಂದಳು.

ಅಧ್ಯಕ್ಷರ ಮೀಸೆಯೂ ನಕ್ಕಿತು. ಸೆಪ್ಟೆಂಬರಿನಿಂದ ಓಣಿಯ ಬಾಲವಾಡಿ, ವಾರಕ್ಕೆ ಮೂರು ದಿನ ಓಪಾಳ ಪಾಠ, ಎಂದು ಬರೆದು ರುಜು ಹಾಕಿದರು. ಮುಕದ್ದಸ್ ಹೊರಗೆ ಬಂದು ತುರ್ಸುನೊಯ್‌ಳನ್ನು ತಬ್ಬಿಕೊಂಡಳು. ಅಂಥ ಗಟ್ಟಿ ಹೆಂಗಸು ಓಪಾಳೇ ಗಳಗಳನೆ ಅತ್ತುಬಿಟ್ಟಳು.

ಮನೆಗೆ ಹಿಂದಿರುಗಲು ಬಾಡಿಗೆಯ ಪುಟ್ಟ ವ್ಯಾನು ಹಿಡಿದರು. ಮುಂದೆ ತುರ್ಸುನೊಯ್, ಹಿಂದೆ ಮೂವರು. ಇಂಜಿನ್ನಿನ ಸದ್ದು, ರಸ್ತೆಯ ಗುಂಡಿ, ಕಿಟಕಿಯ ಗಾಳಿ. ನಸಿಬಾ ಮಗುವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕಿಟಕಿಯಾಚೆ ಕಂಡದ್ದನ್ನೆಲ್ಲ ಹೇಳತೊಡಗಿದಳು. "ನೋಡು, ಸೈಕಲ್ಲು! ನೋಡು, ಕುರಿ ಮಂದೆ! ಓಹೋಹೋ, ಎಷ್ಟು ದೊಡ್ಡ ಸೇತುವೆ!" ಮಗು ಅಷ್ಟೇ ಜೋರಾಗಿ "ಸೇತುವೆ! ಸೇತುವೆ!" ಎಂದು ಕುಣಿಯಿತು. ಮುಕದ್ದಸ್ ತಿದ್ದಲು ಬಾಯಿ ತೆರೆದವಳು ಸುಮ್ಮನಾದಳು. ಅವಳ ಮಾತಿಗೆ ಅಲ್ಲಿ ಸಂದಿಯೇ ಇರಲಿಲ್ಲ.

ಡ್ರೈವರು ಎರಡು ಸಲ ಕನ್ನಡಿಯಲ್ಲಿ ನೋಡಿದ. ಮೂರನೇ ಸಲ ತಡೆಯಲಾರದೆ ತುರ್ಸುನೊಯ್ ಕಡೆ ವಾಲಿದ. "ಅಜ್ಜೀ, ನಿಮ್ಮ ಸೊಸೆಗೆ ಸ್ವಲ್ಪ ಮೆತ್ತಗೆ ಮಾತಾಡೋಕೆ ಹೇಳಿ. ತಲೆ ಸಿಡೀತಿದೆ."

"ಏಳು ವರ್ಷ ಮೆತ್ತಗೇ ಮಾತಾಡಿದಾಳೆ," ಎಂದಳು ತುರ್ಸುನೊಯ್. "ನೀನು ಗಾಡಿ ಓಡಿಸಪ್ಪ."